ಸುಮಿತ್ರಾಬಾಯಿಗೆ ಇಲ್ಲದ ಅಕ್ಕನ ಮಗಳು

ನಮ್ಮ ಗಲ್ಲಿಯಲ್ಲಿ ದಿನಾ ಬೆಳಿಗ್ಗೆ ಹಾಲಿನವನ ಜೊತೆ ಜಗಳವಾಡುವವರು ಸುಮಿತ್ರಾಬಾಯಿ. ಹಾಲಿಗೆ ನೀರು ಹಾಕಿದ್ದೀಯ ಎಂದು ಶುರುವಾಗುವ ಜಗಳ ಅವನ ಎಮ್ಮೆ ಮೇಯುವ ಹೊಲ, ಹೊಲದಲ್ಲಿ ಪಾಲು ಕೇಳುವ ತಮ್ಮ, ತಮ್ಮನ ಹೆಂಡತಿಯ ಮೊಣಕಾಲು ನೋವು ಎಲ್ಲವನ್ನೂ ಸುತ್ತಿ ಮತ್ತೆ ನೀರಿಗೇ ಬಂದು ನಿಲ್ಲುತ್ತಿತ್ತು. ಮಹಾರಾಷ್ಟ್ರದ ಗಡಿಯ ಉದಗೀರಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ, ಈ ಹೆಂಗಸು ಭಾರೀ ಜೋರು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನಾನು ಜಿಲ್ಲಾ ಪರಿಷತ್ ಶಾಲೆಯ ಮಾಸ್ತರ. ಜನರನ್ನು ನೋಡಿದ ಕೂಡಲೇ ತಪ್ಪು ಅಂಕ ಹಾಕುವುದು ರೂಢಿಯಾಗಿದೆ. ನನ್ನ ಹೆಂಡತಿ ಅನುರಾಧಾ ತಿದ್ದಿದಳು.

"ಹಾಲು ಛಲೋನೇ ಇರ್ತದರೀ. ಆಕಿಗಿ ದಿನದಾಗ ಒಬ್ಬರ ಜೋಡಿಯಾದ್ರೂ ಮಾತಾಡಬೇಕಲ್ಲ?"

"ಹಂಗಿದ್ರ ನಮ್ಮ ಜೋಡಿ ಮಾತಾಡಲಿ."

"ನಿಮ್ಮ ಜೋಡಿ ಮಾತಾಡ್ಲಿಕ್ಕಿ ನನಗೇ ಬ್ಯಾಸರ ಬರ್ತದ."

ಸುಮಿತ್ರಾಬಾಯಿಯ ಗಂಡ ಬಸವೇಶ್ವರಪ್ಪನವರದು ಪೇಟೆಯಲ್ಲಿ ಬಟ್ಟೆಯ ಅಂಗಡಿ. ಮಕ್ಕಳಾಗಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಾಡಿಗೆಗೆ ಕೊಟ್ಟರು. ಆದರೂ ಆಗಾಗ ರಿಚಾರ್ಜ್ ನೆಪ ಮಾಡಿಕೊಂಡು ಹೋಗಿ, ಗಂಡ ಗಜಕಡ್ಡಿ ಹಿಡಿದು ಕೂರುತ್ತಿದ್ದ ಕಡೆ ಸ್ವಲ್ಪ ಹೊತ್ತು ಕುರ್ಚಿ ಹಾಕಿಸಿಕೊಂಡು ಕೂತು ಬರುತ್ತಿದ್ದರು. ಅವರ ಮೊಬೈಲಿಗೆ ಮೂರು ಹೊತ್ತೂ ಕರೆನ್ಸಿ ಇರುತ್ತಿತ್ತು. ಮಾಡಲು ಕರೆ ಇರುತ್ತಿರಲಿಲ್ಲ.

ಮನೆಯ ಮಹಡಿಯ ಕೋಣೆಯನ್ನು ಊರ ಹೊರಗಿನ ದನದ ಡಾಕ್ಟರ್ ಕಾಲೇಜಿನ ಹುಡುಗಿಯರಿಗೆ ಕೊಡುತ್ತಿದ್ದರು. ಹಾಸ್ಟೆಲ್ ತುಂಬಿದ್ದ ಒಂದು ವರ್ಷ ಅಲ್ಲಿಗೆ ಬಂದವಳು ನಿಲ್ಮಿನಿ ವಿಕ್ರಮಸೂರಿಯ, ಶ್ರೀಲಂಕಾದವಳು. ಬಣ್ಣದಲ್ಲಿ, ಮುಖದಲ್ಲಿ ನಮ್ಮ ದಾಳಿಂಬ ಊರಿನ ಕಡೆಯ ಹುಡುಗಿ ಅಂದರೆ ಯಾರೂ ಇಲ್ಲವೆನ್ನುವ ಹಾಗಿರಲಿಲ್ಲ. ಅವಳು ಓದುವ ಸಿಂಹಳ ಪುಸ್ತಕದ ಅಕ್ಷರ ನೋಡಿ ಸುಮಿತ್ರಾಬಾಯಿ, "ಇದು ಕನ್ನಡಾನೇ ಅದ. ಜಿಲೇಬಿ ಮಾಡುವಾಕಿ ಬರೆದಾಳ" ಎಂದು ತೀರ್ಪು ಕೊಟ್ಟರು.

ಹೊರದೇಶದವರು ಮನೆಯಲ್ಲಿ ಇಳಿದರೆ ಮನೆ ಮಾಲೀಕರು ಒಂದು ದಿನದೊಳಗೆ ಪೊಲೀಸರಿಗೆ ಕಂಪ್ಯೂಟರಿನಲ್ಲಿ ತಿಳಿಸಬೇಕು. ಅದನ್ನು ಮೂಲೆಯ ಕಂಪ್ಯೂಟರ್ ಅಂಗಡಿಯ ನಿಲೇಶ ಪಾಸ್‌ಪೋರ್ಟ್ ನೋಡಿ ಚೊಕ್ಕಟವಾಗಿ ಮಾಡಿಕೊಟ್ಟ. ಕಾನೂನಿನ ಕೆಲಸ ಮುಗಿಯಿತು. ಮನೆಗೆ ಬಂದ ಮೇಲೆ ಸುಮಿತ್ರಾಬಾಯಿ ತಮ್ಮ ಕೆಲಸ ಶುರು ಮಾಡಿದರು.

"ಇಷ್ಟು ಉದ್ದ ಹೆಸರು ಕರೀಲಿಕ್ಕಿ ಹೋದ್ರ ಒಲಿ ಮ್ಯಾಲಿನ ಹಾಲು ಉಕ್ಕಿ ಹೋಗ್ತದವ್ವಾ. ನಾ ನಿನಗ ಪಂಕಜ ಅಂತೀನಿ."

ಹುಡುಗಿ ನಕ್ಕು ತಲೆಯಾಡಿಸಿದಳು. ಪಂಕಜ ಅಂತಲೇ ಯಾಕೆ ಎಂದು ಅವಳೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಗಲ್ಲಿಗೆ ಹೆಸರು ಸಿಕ್ಕರೆ ಸಾಕು.

ವರ್ಷ ಕಳೆಯುವುದರಲ್ಲಿ ಹುಡುಗಿ ಪೂರಾ ನಮ್ಮವಳಾದಳು. ಗಿಡ್ಡ ಕೂದಲು ಜಡೆಯಾಯಿತು. "ಏನ್ ಮಾಡ್ಲಿಕತ್ತೀರಿ ಕಾಕಾ?" ಎಂದು ಪಾನ್ ಅಂಗಡಿಯ ಖಂಡೆಪ್ಪನನ್ನು ಕೇಳಿ, ಅವನ ಮೇಕೆಯ ಹೊಟ್ಟೆಯುಬ್ಬರ ನೋಡಿ ಔಷಧ ಬರೆದುಕೊಟ್ಟಳು. ಅವರ ಭಾಷೆಯಲ್ಲೂ ತಾಯಿಗೆ ಅಮ್ಮ ಅಂತಲೇ ಅನ್ನುತ್ತಾರಂತೆ. ಹಾಗಾಗಿ ಸುಮಿತ್ರಾಬಾಯಿಯನ್ನು ಕರೆಯಲು ಅವಳು ಹೊಸದೇನೂ ಕಲಿಯಬೇಕಾಗಲಿಲ್ಲ. ಸಂಜೆ ಅವಳು ಬರುವ ಹೊತ್ತಿಗೆ ಗಲ್ಲಿಯ ಕೊನೆಗೂ ಕೇಳುವ ಹಾಗೆ ದನಿ ಏಳುತ್ತಿತ್ತು: "ಪಂಕಜಾ, ಕೈಕಾಲ ತೊಳಕೊ. ಪಂಕಜಾ, ಭಕ್ರಿ ಆರ್ತಾವ. ಪಂಕಜಾ!" ಬೇಕಾದ್ದಕ್ಕಿಂತ ಹೆಚ್ಚು ಸಲ ಕರೆಯುತ್ತಾರೆ ಎಂದು ನನಗೆ ಆಗಲೇ ಅನ್ನಿಸಿತ್ತು. ಹಾಲಿನವನು ಮಾತ್ರ ಒಂದು ದಿನ ನನ್ನನ್ನು ಅಡ್ಡಗಟ್ಟಿ, "ಗುರುಜಿ, ಬಾಯಿಯೋರಿಗಿ ಆರಾಮ ಇಲ್ಲೇನ್ರಿ? ಹಾಲು ತೊಗೊಂಡು ಸುಮ್ಮ ಒಳಗ ಹೋಗ್ತಾರ" ಎಂದು ಕಳವಳಪಟ್ಟ.

ಓದು ಮುಗಿಯಲು ಇನ್ನೊಂದು ವರ್ಷ ಬಾಕಿ ಇರುವಾಗ ಹುಡುಗಿಯ ವೀಸಾದ ಮುದತು ತೀರುತ್ತ ಬಂತು. ಮುಂದುವರಿಸಲು ಅರ್ಜಿ ಹಾಕಿದಳು. ಮುಂದುವರಿಸದಿದ್ದರೆ ಪದವಿಯಿಲ್ಲದೆ ಊರಿಗೆ ಹೋಗಬೇಕು. ಈಗೀಗ ವಿದೇಶಿ ವಿದ್ಯಾರ್ಥಿಗಳ ತಪಾಸಣೆ ಬಿಗಿಯಾಗಿದೆ. ಕೊಟ್ಟ ವಿಳಾಸದಲ್ಲಿ ಅವರೇ ಇದ್ದಾರೋ, ಹೇಗಿದ್ದಾರೆ, ಯಾರು ಬಂದು ಹೋಗುತ್ತಾರೆ ಎಂದು ಗುಟ್ಟಾಗಿ ನೋಡಿಕೊಂಡು ಬರಲು ಜಿಲ್ಲಾ ಪೊಲೀಸರ ವಿದೇಶಿಯರ ವಿಭಾಗದಿಂದ ಒಬ್ಬರು ಬರುತ್ತಾರೆ. ನಮ್ಮ ಗಲ್ಲಿಗೆ ಬಂದವನು ನಿಲಂಗಾ ಕಡೆಯ ಶಿವಾಜಿ ಎಂಬ ಪೇದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚರ್ಮದ ಚೀಲ, ಮಾತಿಗೆ ಮುಂಚೆ ನಗು. ಪೊಲೀಸ್ ಎಂದು ಹೇಳಿಕೊಳ್ಳಬಾರದೆಂದು ಅವನಿಗೆ ಅಪ್ಪಣೆಯಿತ್ತು.

ಇದರಲ್ಲೇ ಎಲ್ಲ ಕೆಟ್ಟಿತು. ಬಿಳಿ ಅಂಗಿ ಹಾಕಿಕೊಂಡು, ಚರ್ಮದ ಚೀಲ ಹಿಡಿದು, ಯಾರೆಂದು ಹೇಳದೆ ಗಲ್ಲಿಯ ಹುಡುಗಿಯ ಬಗ್ಗೆ ವಿಚಾರಿಸುವ ಗಂಡಸು ನಮ್ಮ ಕಡೆ ಒಬ್ಬನೇ: ವರನ ಕಡೆಯವನು. ಹೆಣ್ಣು ನೋಡುವ ಮೊದಲು ಬೀಗರು ಹೀಗೆ ಯಾರನ್ನಾದರೂ ಸದ್ದಿಲ್ಲದೆ ಕಳಿಸುತ್ತಾರೆ. ಅವನು ಪಾನ್ ಅಂಗಡಿಯಲ್ಲಿ ನಿಂತು ಕೇಳುತ್ತಾನೆ, ಹುಡುಗಿ ಯಾರ ಪೈಕಿ, ನಡತೆ ಹೇಗೆ, ಸಂಜೆ ಎಷ್ಟಕ್ಕೆ ಮನೆಗೆ ಬರುತ್ತಾಳೆ, ಮನೆಗೆ ಯಾರ್ಯಾರು ಬರುತ್ತಾರೆ. ಸರಕಾರಕ್ಕೂ ಬೀಗರಿಗೂ ಬೇಕಾದ ಮಾಹಿತಿ ಇಷ್ಟು ಸರಿಯಾಗಿ ಹೊಂದುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಇಂಥವನು ಬಂದಾಗ ಗಲ್ಲಿ ಹೇಗೆ ಉತ್ತರ ಕೊಡಬೇಕು ಎನ್ನುವುದಕ್ಕೂ ನಮ್ಮಲ್ಲಿ ಪದ್ಧತಿಯಿದೆ. ಬಾಯಿ ತುಂಬ ಹೊಗಳಬೇಕು, ಕುಂದು ಇದ್ದರೆ ನುಂಗಬೇಕು.

"ಮಹಡಿ ಮ್ಯಾಲಿನ ಹುಡುಗಿ ಹೆಂಗ್ರೀ?" ಎಂದು ಶಿವಾಜಿ ಖಂಡೆಪ್ಪನನ್ನು ಕೇಳಿದ.

"ನಮ್ಮ ಪಂಕಜನಾ? ಬಂಗಾರರೀ! ಇಲ್ಲೇ ಹುಟ್ಟಿ ಬೆಳದ ಹುಡುಗಿ. ತಲಿ ಎತ್ತಿ ನೋಡಿದಾಕಿ ಅಲ್ಲ."

ಆಗ ಅನುರಾಧಾ ತರಕಾರಿ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಅವಳೂ ಹೊಗಳಿಕೆಗೆ ದನಿಗೂಡಿಸಿದಳು. "ಊರು ಬಿಟ್ಟು ಎಲ್ಲೂ ಹೋದಾಕಿ ಅಲ್ರೀ. ನಮ್ಮ ಮಂದಿನೇ, ಲಿಂಗವಂತರು. ಸುಮಿತ್ರಾಬಾಯಿ ಬಳಗ." ನಾನು ಶಾಲೆಯಿಂದ ಬಂದ ಮೇಲೆ ಇದನ್ನು ಹೇಳಿ ಬೀಗಿದಳು.

"ಆಕಿ ಶ್ರೀಲಂಕಾದಾಕಿ ಅಲ್ಲೇನು?" ಎಂದೆ.

"ಅದನ್ನ ಮುಂದ ಹಿರೇರು ಕೂತು ಮಾತಾಡ್ತಾರ. ಮೊದಲನೇ ದಿನಾನೇ ಹೇಳಿ ಯಾಕ ಕೆಡಸಬೇಕು?"

ಗಲ್ಲಿಯ ಮಾತು ಇರಲಿ. ಶಿವಾಜಿ ಸುಮಿತ್ರಾಬಾಯಿಯ ಬಾಗಿಲನ್ನೂ ತಟ್ಟಿದ. ನೀರು ಕೇಳುವ ನೆಪ. ಅವರು ಒಳಗೆ ಕರೆದು ಕೂರಿಸಿದರು. ಹೆಣ್ಣು ನೋಡಲು ಬಂದವರಿಗೆ ಮಾಡುವ ಉಳ್ಳಾಗಡ್ಡಿ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ ಮಾಡಿದರು, ಮೇಲೆ ಕೊಬ್ಬರಿ ತುರಿದು ಹಾಕಿದರು. ಗಂಡ ಹೋದ ಮೇಲೆ ಆ ಮನೆಯಲ್ಲಿ ಪರಸ್ಥಳದ ಮನುಷ್ಯನಿಗೆ ತಟ್ಟೆ ಇಟ್ಟದ್ದು ಅದೇ ಮೊದಲು. ಪೋಹೆ ತಿನ್ನುತ್ತ ಶಿವಾಜಿ ಕೇಳಿದ:

"ಹುಡುಗಿ ನಿಮಗ ಏನಾಗಬೇಕ್ರೀ?"

ಮಕ್ಕಳಿಲ್ಲದ ಹೆಂಗಸಿಗೆ ಐವತ್ತೈದು ದಾಟಿದ ಮೇಲೆ ಯಾರೂ ಕೇಳದ ಪ್ರಶ್ನೆ ಇದು. ನಿಜ ಹೇಳಿದ್ದರೆ ತಟ್ಟೆ ಅಲ್ಲಿಗೇ ಖಾಲಿಯಾಗಿ, ಬಂದವನು ಎದ್ದು ಹೋಗುತ್ತಿದ್ದ. ಸುಮಿತ್ರಾಬಾಯಿ ಹೇಳಲಿಲ್ಲ.

"ನನ್ನ ಅಕ್ಕನ ಮಗಳು. ಮುರುಮ ಊರಿನಾಕಿ. ಪಂಕಜ ಅಂತ."

ಇನ್ನೂ ಒಂದು ತಟ್ಟೆ ಪೋಹೆ ಹಾಕಿದರು. ಸ್ವಭಾವ ಹೇಗೆ ಎಂದರೆ ಹಟಮಾರಿ ಎಂದರು. ಸಣ್ಣವಳಿದ್ದಾಗ ಕಬ್ಬಿನ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆಯುತ್ತಿದ್ದಳು ಎಂದರು. ಲೆಕ್ಕದಲ್ಲಿ ಹುಷಾರಿದ್ದಳು, ಅಪ್ಪ ಶಾಲೆ ಬಿಡಿಸಬಾರದಿತ್ತು ಎಂದರು. ಬಂದವನು ಎಲ್ಲವನ್ನೂ ಬರೆದುಕೊಂಡು, ಚಹಾ ಕುಡಿದು, ಕೈಮುಗಿದು ಹೋದ.

ಆಮೇಲೆ ಬಂದದ್ದು ಜಿಲ್ಲಾ ಕಚೇರಿಯ ನೋಟೀಸು. ಮನೆ ಮಾಲೀಕಳೂ ವಿದ್ಯಾರ್ಥಿನಿಯೂ ಖುದ್ದು ಹಾಜರಾಗಬೇಕು. ಅರ್ಜಿ ತಡೆಹಿಡಿದಿದೆ. ಗಲ್ಲಿಯಲ್ಲಿ ಕಚೇರಿಗೆ ಹೋಗಿ ಕೈಕಟ್ಟಿ ನಿಲ್ಲುವ ಅನುಭವ ನನ್ನಷ್ಟು ಯಾರಿಗೂ ಇರಲಿಲ್ಲವಾದ್ದರಿಂದ ನನ್ನನ್ನೇ ಜೊತೆ ಮಾಡಿದರು.

ವಿಭಾಗದ ಅಧಿಕಾರಿ ಮೀನಲ ಮೇಡಂ. ಅವರು ಮಾತಾಡಿದ್ದು ಮರಾಠಿಯಲ್ಲಿ. ನಮ್ಮ ಮಾತಿಗಿಳಿಸುವಾಗ ಅದರ ಖಾರ ಸ್ವಲ್ಪ ಇಳಿದಿರಬಹುದು.

"ನಿಮ್ಮ ಮನ್ಯಾಗ ಶ್ರೀಲಂಕಾದ ನಿಲ್ಮಿನಿ ಇರ್ತಾಳ ಅಂತ ನೀವೇ ನಮಗ ತಿಳಿಸೀರಿ. ನಮ್ಮ ಮನುಷ್ಯ ಬಂದು ನೋಡಿದ್ರ ಅಲ್ಲಿ ಇರಾಕಿ ಮುರುಮದ ಪಂಕಜ. ಹಂಗಾದ್ರ ನಿಲ್ಮಿನಿ ಎಲ್ಲಿ? ಇಲ್ಲಾ, ಈಕಿ ಇಲ್ಲಿ ಹೆಸರಿಟ್ಟುಕೊಂಡು ಇಲ್ಲಿಯಾಕಿನೇ ಆಗಲಿಕತ್ತಾಳೇನು? ಹಿಂಗ ಶುರುವಾಗಿ ನಾಳೆ ಆಧಾರ ಕಾರ್ಡು, ನಾಡದು ರೇಷನ್ ಕಾರ್ಡು. ನಾವು ಇದನ್ನೇ ಹಿಡೀಲಿಕ್ಕಿ ಕೂತೀವಿ."

ನಿಲ್ಮಿನಿ ತುಟಿ ಕಚ್ಚಿಕೊಂಡು ಕೂತಿದ್ದಳು. ಬಾಗಿಲ ಬಳಿ ಶಿವಾಜಿ ನೆಲ ನೋಡುತ್ತ ನಿಂತಿದ್ದ. ಎರಡು ತಟ್ಟೆ ಪೋಹೆಯ ಭಾರ ಅವನ ಮುಖದ ಮೇಲಿತ್ತು.

"ಪೊಲೀಸ್ ಅಂತ ಗೊತ್ತಿರಲಿಲ್ರೀ ಮೇಡಂ," ಎಂದು ನಾನು ಬಾಯಿ ಹಾಕಿದೆ. "ಬೀಗರ ಕಡೆಯವರು ಅಂತ ತಿಳಕೊಂಡು..."

"ಬೀಗರಿಗಾದ್ರ ಸುಳ್ಳು ಹೇಳಬಹುದೇನು ಮಾಸ್ತರ?"

ಇದಕ್ಕೆ ನಿಜವಾದ ಉತ್ತರ ಹೌದು ಎಂಬುದು. ಸರಕಾರಿ ನೌಕರನಾದ ನಾನು "ತಪ್ಪಾತ್ರೀ" ಎಂದೆ. ಮೇಡಂ ಸುಮಿತ್ರಾಬಾಯಿಯ ಕಡೆ ತಿರುಗಿದರು.

"ಪಂಕಜ ಅಂತ ಖರೇನೇ ಯಾರಾದ್ರೂ ಇದ್ದಾರೇನು?"

"ಇದ್ದಾಳ್ರೀ."

"ಎಲ್ಲಿ?"

"ನಾನೇ."

ಆಮೇಲೆ ಅವರೇ ಬಿಡಿಸಿ ಹೇಳಿದರು. ತವರಿನಲ್ಲಿ ಅವರ ಹೆಸರು ಪಂಕಜ. ಲಗ್ನದ ದಿನ ಗಂಡ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಸುಮಿತ್ರಾ ಎಂದು ಬರೆದ. ಅಲ್ಲಿಂದ ಅವರು ಸುಮಿತ್ರಾಬಾಯಿ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದೇ ಇದು. ನಡೆಯುವುದರಿಂದಲೇ ಯಾರೂ ಹಿಂದಿನ ಹೆಸರು ಕೇಳುವುದಿಲ್ಲ.

"ಆವತ್ತು ಅಕ್ಕನ ಮಗಳು ಅಂದ್ರಿ. ಇವತ್ತು ನಾನೇ ಅಂತೀರಿ," ಮೇಡಂ ಫೈಲು ಮುಚ್ಚಿದರು. ದನಿ ಮಾತ್ರ ಸ್ವಲ್ಪ ತಗ್ಗಿತ್ತು. "ನಿಮ್ಮ ಮಾತಿನ ಮ್ಯಾಲೆ ನಾ ಹೆಂಗ ನಂಬಲಿ? ತವರುಮನಿಯವರು ಯಾರಾದ್ರೂ ಬಂದು ಹೇಳಲಿ, ಅಂಥ ಅಕ್ಕನ ಮಗಳು ಇಲ್ಲ, ಪಂಕಜ ಅಂದ್ರ ಇವರೇ ಅಂತ. ಇಲ್ಲಾಂದ್ರ ಹುಡುಗಿ ಊರಿಗಿ ಹೊಂಡಲಿ."

ಮರುದಿನವೇ ನಾನೂ ಸುಮಿತ್ರಾಬಾಯಿಯೂ ಅವರ ತವರೂರು ಮುರುಮದ ಹಾದಿ ಹಿಡಿದೆವು. ನಿಲಂಗಾದಲ್ಲಿ ಇಳಿದು ಉಮರ್ಗಾದ ಕೆಂಪು ಬಸ್ಸಿಗೆ ಕಾಯುತ್ತ ಚಹಾ ಕುಡಿದೆವು. ಸುಮಿತ್ರಾಬಾಯಿ ಸಾಸರಿಗೆ ಸುರಿದ ಚಹಾ ಊದದೆ ಹಾಗೇ ಹಿಡಿದುಕೊಂಡಿದ್ದರು.

"ಗುರುಜಿ, ಹೆಸರು ಬರದ ಆ ಅಕ್ಕಿ ಇರ್ತದಲ್ಲ, ಅದನ್ನ ಆಮ್ಯಾಲ ಏನ್ ಮಾಡ್ತಾರ?"

"ಗೊತ್ತಿಲ್ರೀ."

"ನಮ್ಮ ಮನ್ಯಾಗ ಅನ್ನಾ ಮಾಡಿ ಉಂಡಿರಬೇಕು. ಅತ್ತಿ ಏನೂ ಕೆಡಸಾಕಿ ಅಲ್ಲ." ಚಹಾ ಕೆಳಗಿಟ್ಟು ಅಂದರು: "ಅವ್ವ ಇರೋತನಕ ಫೋನಿನಾಗ ಪಂಕಜಾ ಅಂತಿದ್ಲು. ಆಕಿ ಹೋದ ಮ್ಯಾಲೆ ಆ ಹೆಸರಿಗಿ ಬಾಯೇ ಇಲ್ಲದಂಗ ಆತು. ಮನ್ಯಾಗ ನಾನೇ ನನಗ ಕರಕೊಂಡ್ರ ಮಂದಿ ಏನಂದಾರು? ಅದಕ್ಕ ಆ ಹುಡುಗಿಗಿ ಇಟ್ಟೆ. ಕರೀಲಿಕ್ಕಿ ಒಂದು ನೆಪ."

ನಾನು ಎದ್ದು ಚಹಾದ ದುಡ್ಡು ಕೊಟ್ಟೆ. ಬಸ್ಸು ಬಂದಿತು.

ಮುರುಮದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಕಟ್ಟಿ ನಿಂತಿದ್ದವು. ಅಣ್ಣ ಮನ್ಮಥಪ್ಪ ಕಾಳಿನ ವ್ಯಾಪಾರಿ. ತೊಗರಿ ರಾಶಿಯ ಪಕ್ಕ ಗಾದಿಯ ಮೇಲೆ ಕೂತು, ಹಣೆಯ ವಿಭೂತಿಯ ಕೆಳಗಿನ ಹುಬ್ಬು ಗಂಟಿಕ್ಕಿಕೊಂಡೇ ಎಲ್ಲ ಕೇಳಿದರು.

"ಸುಮಿತ್ರಾ, ಯಾವುದೋ ದೇಶದ ಹುಡುಗಿ ಸಂಬಂಧ ನಾ ಪೊಲೀಸರ ಮುಂದ ನಿಂದ್ರಬೇಕೇನು? ಪ್ಯಾಟ್ಯಾಗ ಏನಂದಾರು?"

"ಹುಡುಗಿ ಸಂಬಂಧ ಬ್ಯಾಡಣ್ಣಾ. ನನ್ನ ಹೆಸರು ಹೇಳು ಅಷ್ಟೇ."

"ಪಂಕಜ... ಹೌದು, ಅವ್ವ ಹಂಗ ಅಂತಿದ್ಲು."

"ನೀನೂ ಅಂತಿದ್ದಿ. ಪಂಕೀ ಅಂತ. ಕಬ್ಬಿನ ಗಾಡಿ ಬಂತಂದ್ರ ಮಾಳಗಿ ಮ್ಯಾಲಿಂದ ಒದರ್ತಿದ್ದಿ."

"ಹೌದೇನು?" ಅಂದರು ಮನ್ಮಥಪ್ಪ. ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಸುಮಿತ್ರಾಬಾಯಿ ತೊಗರಿ ಕಾಳು ಒಂದೆರಡು ಎತ್ತಿ ಬೆರಳಿನಲ್ಲಿ ಹೊರಳಿಸಿದರು. ಅತ್ತಿಗೆ ಒಳಗಿನಿಂದ ಬಂದು, "ಎಷ್ಟು ದಿವಸ ಇರ್ತೀರಿ?" ಎಂದು ಕೇಳಿದ ಮೇಲೆ ಅಣ್ಣನಿಗೆ ಒಮ್ಮೆಗೇ ಹುರುಪು ಬಂತು. ನಾಳೆ ಬೆಳಿಗ್ಗೆಯೇ ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗಿ ಕೆಲಸ ಮುಗಿಸಿ, ಹಾಗೇ ಉದಗೀರಕ್ಕೆ ಬಿಟ್ಟು ಬರುತ್ತೇನೆ ಎಂದರು.

ಕಚೇರಿಯಲ್ಲಿ ಮನ್ಮಥಪ್ಪ ಹೇಳಬೇಕಾದ್ದನ್ನು ಹೇಳಿದರು. ನಮಗೆ ಇವಳೊಬ್ಬಳೇ ತಂಗಿ, ಇವಳಿಗೆ ಅಕ್ಕ ಇಲ್ಲ, ಅಕ್ಕನ ಮಗಳು ಎಂಬುವಳು ಇಲ್ಲ, ಪಂಕಜ ಅಂದರೆ ಇವಳೇ. ಶಿವಾಜಿ ಬರೆದುಕೊಂಡ. ಈ ಸಲ ಅವನಿಗೆ ಯಾರೂ ಪೋಹೆ ಕೊಡಲಿಲ್ಲ. ಕೊನೆಗೆ ಮೇಡಂ ಸುಮಿತ್ರಾಬಾಯಿಯ ಹೇಳಿಕೆ ತೆಗೆದುಕೊಂಡರು. ನಿಲ್ಮಿನಿ ಅಲ್ಲೇ ಎದುರಿಗೆ ಕೂತಿದ್ದಳು.

"ಈ ಹುಡುಗಿ ನಿಮಗ ಏನಾಗಬೇಕು?"

"ಏನೂ ಆಗಬೇಕಾಗಿಲ್ರೀ."

"ಪೂರಾ ಹೇಳ್ರಿ."

"ಏನೂ ಆಗಬೇಕಾಗಿಲ್ಲ. ಬಾಡಿಗಿದಾಕಿ."

ಹುಡುಗಿಗೆ ಅರ್ಥವಾಯಿತು. ಅವಳಿಗೆ ನಮ್ಮ ಮಾತು ಕಲಿಸಿದವರೇ ಇವರಲ್ಲವೇ. ಮೇಡಂ ಕೆಟ್ಟವರಲ್ಲ, ಮುಂದುವರಿಸಲು ಅಡ್ಡಿಯಿಲ್ಲ ಎಂದು ಅಲ್ಲೇ ಷರಾ ಬರೆದರು. ಆದರೆ ಓದು ಮುಗಿಯುವವರೆಗೆ ಹುಡುಗಿ ಕಾಲೇಜಿನ ಹಾಸ್ಟೆಲಿನಲ್ಲೇ ಇರಬೇಕು ಎಂದರು. "ನಿಮ್ಮ ಗಲ್ಲಿ ಜನ ಭಾಳ ಪ್ರೀತಿ ಮಾಡ್ತಾರ. ನಮಗ ಅದು ತ್ರಾಸ ಆಗ್ತದ."

ಹುಡುಗಿ ಟ್ರಂಕು ಇಳಿಸಿಕೊಂಡು ಹೋದ ದಿನ ಖಂಡೆಪ್ಪ ಮೇಕೆಯನ್ನೂ ಹಿಡಿದುಕೊಂಡು ಬಂದು ನಿಂತಿದ್ದ. ಅನುರಾಧಾ ಅತ್ತಳು. ಸುಮಿತ್ರಾಬಾಯಿ ಅಳಲಿಲ್ಲ. ಮಹಡಿಯ ಕೋಣೆಗೆ ಬೇರೆ ಬಾಡಿಗೆಯವರು ಕೇಳಿಕೊಂಡು ಬಂದರೆ, "ಸುಣ್ಣಾ ಹೊಡಸಬೇಕು, ಆಮ್ಯಾಲ ನೋಡೋಣ" ಎಂದು ಕಳಿಸುತ್ತಿದ್ದರು. ಸುಣ್ಣ ಹೊಡೆಸಲಿಲ್ಲ.

ಒಂದು ರವಿವಾರ ಸ್ಟೀಲಿನ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಗುರುಜಿ, ಗಾಡಿ ಕಾಲೇಜಿನ ಕಡಿ ಹೊಂಟದೇನು?" ನನ್ನ ಗಾಡಿ ಯಾವ ಕಡೆಯೂ ಹೊರಟಿರಲಿಲ್ಲ. ನಾನಿನ್ನೂ ಹಲ್ಲುಜ್ಜಿರಲಿಲ್ಲ. "ಅಲ್ಲೇ ಹೊಂಟೀನ್ರೀ" ಎಂದೆ.

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಏನೋ ಗೊಣಗುತ್ತಿದ್ದರು. ಶಿವನಾಮ ಇರಬೇಕು ಎಂದುಕೊಂಡೆ. ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ, "ಯಾರಿಗಿ ಭೇಟಿ ಆಗಬೇಕು?" ಎಂದಾಗ ತಿಳಿಯಿತು.

"ನಿಲ್ಮಿನಿ ವಿಕ್ರಮಸೂರಿಯ," ಎಂದರು ಸುಮಿತ್ರಾಬಾಯಿ. ಒಂದಕ್ಷರ ತಪ್ಪಲಿಲ್ಲ.

"ಅಂಥಾಕಿ ಯಾರೂ ಇಲ್ರೀ ಬಾಯಿ."

"ಶ್ರೀಲಂಕಾದಾಕಿ."

"ಹಾಂ, ಪಂಕಜನಾ! ಹಂಗ ಹೇಳ್ರಿ ಮತ್ತ. ಬಂದ ದಿನಾನೇ ಹೇಳ್ಯಾಳ, ಕಾಕಾ, ನನಗ ಪಂಕಜ ಅಂತ ಕರೀರಿ ಅಂತ. ಹಾಸ್ಟೆಲ್ಲಿಗಿ ಹಾಸ್ಟೆಲ್ಲೇ ಹಂಗ ಕರೀತದ. ತಡೀರಿ."

ಸುಮಿತ್ರಾಬಾಯಿಯ ಮುಖ ನಾನು ಹಿಂದೆಂದೂ ನೋಡದ ಹಾಗೆ ಅರಳಿತು. ಅವನು ಕಟ್ಟಡದ ಕಡೆ ತಿರುಗಿ ಬಾಯಿಗೆ ಕೈ ಹಿಡಿಯುವಷ್ಟರಲ್ಲಿ ಗೇಟಿನ ಸರಳಿನೊಳಗಿಂದ ಕೈ ಹಾಕಿ ಅವನ ತೋಳು ಹಿಡಿದರು.

"ಬ್ಯಾಡಪ್ಪಾ! ಆ ಹೆಸರಿಲೆ ಕರೀಬ್ಯಾಡ. ಯಾರರ ಕೇಳಿಕೊಂಡು ಬಂದ್ರ ಆಕಿಗಿ ಮತ್ತ ತ್ರಾಸ ಆಗ್ತದ. ಆಕಿಗೂ ಹೇಳು, ಎಲ್ಲರಿಗೂ ಹೇಳು. ಪಂಕಜ ಅಂತ ಇಲ್ಲಿ ಯಾರೂ ಇಲ್ಲ."

"ಹಂಗಾದ್ರ ಏನಂತ ಕರೀಲಿ?"

ಸುಮಿತ್ರಾಬಾಯಿ ಹೇಳಿದರು. ಅವನಿಗೆ ಬರಲಿಲ್ಲ. ನಿಧಾನವಾಗಿ, ತುಂಡು ತುಂಡು ಮಾಡಿ, ಎರಡು ಸಲ ಹೇಳಿಕೊಟ್ಟರು. ಅವನು ಗಂಟಲು ಸರಿ ಮಾಡಿಕೊಂಡು ಕೂಗಿದ. ಮೇಲಿನ ಕಿಟಕಿಗಳಲ್ಲಿ ಒಣಹಾಕಿದ ಬಟ್ಟೆ ಅಲ್ಲಾಡುತ್ತಿತ್ತು. ಯಾರೂ ಹೊರಗೆ ಬರಲಿಲ್ಲ.

"ಪಂಕಜ ಅಂದಿದ್ರ ಇಷ್ಟೊತ್ತಿಗಿ ಓಡಿ ಬರ್ತಿದ್ಲು," ಎಂದ ಅವನು.

"ಇರಲಿ," ಅಂದರು ಸುಮಿತ್ರಾಬಾಯಿ. "ಇನ್ನೊಂದ್ ಸಲ ಕರಿ."